ಶಿಕ್ಷಕರು ಕೂಡಿ ಕೂತರೆ ಮಕ್ಕಳ ತಲೆಗೆ ಪಾಠ ಹತ್ತುತ್ತದೆಯೇ?

ಪ್ರಶ್ನೆ: ನಾನು ಸಿಂದಗಿ ತಾಲೂಕಿನ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳು ವರ್ಷದಿಂದ ಶಿಕ್ಷಕಿ. ಒಂದರಿಂದ ಏಳರವರೆಗೆ ತರಗತಿಗಳಿವೆ. ನಾವು ಐದು ಜನ ಕಾಯಂ ಶಿಕ್ಷಕರು, ಇಬ್ಬರು ಅತಿಥಿ ಶಿಕ್ಷಕರು. ನಾಲ್ಕು ಮತ್ತು ಐದನೇ ತರಗತಿಗೆ ಗಣಿತ ನನ್ನದು. ಐದನೇ ತರಗತಿಯ ಅರ್ಧ ಮಕ್ಕಳು ಎರಡಂಕಿಯ ಕಳೆಯುವ ಲೆಕ್ಕದಲ್ಲೇ ತಪ್ಪುತ್ತಾರೆ. ಪ್ರತಿ ವರ್ಷ ಮೊದಲಿನಿಂದ ಹೇಳಿಕೊಡುತ್ತೇನೆ, ಪ್ರತಿ ವರ್ಷ ಅದೇ ಕಥೆ. ಹೊಸದಾಗಿ ಬಂದ ಮುಖ್ಯ ಗುರುಗಳು ಶನಿವಾರ ಶಾಲೆ ಬಿಟ್ಟ ಮೇಲೆ ಎಲ್ಲ ಶಿಕ್ಷಕರೂ ಒಂದು ತಾಸು ಕೂತು ಮಕ್ಕಳ ಕಲಿಕೆ ಬಗ್ಗೆ ಮಾತಾಡಬೇಕು ಅಂದರು. ಮೂರು ತಿಂಗಳಾಯಿತು. ಸುತ್ತೋಲೆ ಓದುವುದು, ಬಿಸಿಯೂಟದ ಲೆಕ್ಕ, ಯಾರ ದಾಖಲೆ ಬಾಕಿ ಇದೆ ಎಂಬ ಮಾತು, ಕೊನೆಗೆ ರಿಜಿಸ್ಟರಿನಲ್ಲಿ ಸಹಿ, ಇಷ್ಟೇ ಆಗುತ್ತಿದೆ. ನಮ್ಮ ಹಿರಿಯ ಗುರುಗಳೊಬ್ಬರು "ಬಾಗಿಲಾ ಹಾಕ್ಕೊಂಡು ನಮ್ಮ ಪಾಠ ನಾವು ಮಾಡಿದ್ರ ಸಾಕು" ಅನ್ನುತ್ತಾರೆ. ಅವರ ಕ್ಲಾಸಿನಲ್ಲಿ ಒಂದು ದಿನ ಕೂರಲೇ ಎಂದು ಕೇಳಿದ್ದಕ್ಕೆ ಬೇಜಾರು ಮಾಡಿಕೊಂಡರು. ಶಿಕ್ಷಕರು ಕೂಡಿ ಕೆಲಸ ಮಾಡುವುದರಿಂದ ಮಕ್ಕಳಿಗೆ ನಿಜವಾಗಿ ಉಪಯೋಗ ಇದೆಯೇ, ಇಲ್ಲಾ ಅದು ತರಬೇತಿಯಲ್ಲಿ ಹೇಳುವ ಮಾತಷ್ಟೇನಾ? ನನ್ನಂಥ ಒಬ್ಬಳೇ ಶಿಕ್ಷಕಿ ಏನು ಮಾಡಬಹುದು?

ಉತ್ತರ: ಅಕ್ಕೋರೇ, ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ. ಒಂದು, ಶನಿವಾರದ ಸಭೆ ಹಾಳಾಗಿದೆ. ಇನ್ನೊಂದು, ಐದನೇ ತರಗತಿಯ ಮಕ್ಕಳಿಗೆ ಕಳೆಯುವ ಲೆಕ್ಕ ಬರುವುದಿಲ್ಲ. ನೀವು ಇವೆರಡನ್ನೂ ಬೇರೆ ಬೇರೆ ಎಂಬಂತೆ ಬರೆದಿದ್ದೀರಿ. ನನಗೆ ಅವು ಒಂದೇ ಚಿಂತೆ ಅನ್ನಿಸಿತು. ಹಾಗಾಗಿ ಲೆಕ್ಕದಿಂದಲೇ ಶುರು ಮಾಡುತ್ತೇನೆ.

ನಿಮ್ಮ ಮಕ್ಕಳ ನೋಟ್‌ಬುಕ್ ನಾನು ನೋಡಿಲ್ಲ. ಆದರೂ ಒಂದು ಊಹೆ ಇದೆ. 48ರಲ್ಲಿ 23 ಕಳೆ ಅಂದರೆ ಅವರು 25 ಎಂದು ಸರಿಯಾಗಿಯೇ ಬರೆಯುತ್ತಾರೆ. 52ರಲ್ಲಿ 27 ಕಳೆ ಅಂದರೆ ಬಹಳ ಮಕ್ಕಳು 35 ಎಂದು ಬರೆಯುತ್ತಾರೆ. 60ರಲ್ಲಿ 24 ಕಳೆ ಅಂದರೆ 44 ಎಂದು ಬರೆಯುತ್ತಾರೆ. ಹೌದಾ ಅಂತ ಒಮ್ಮೆ ನೋಡಿ. ಹೌದಾದರೆ ಅದು ಗಮನ ಇಲ್ಲದೆ ಆದ ತಪ್ಪಲ್ಲ. ಮಗು ಒಂದು ನಿಯಮವನ್ನು ಬಹಳ ನಿಷ್ಠೆಯಿಂದ ಪಾಲಿಸುತ್ತಿದೆ. ಬಿಡಿ ಸ್ಥಾನದಲ್ಲಿ 2 ಮತ್ತು 7 ಕಂಡರೆ, ಮೇಲೆ ಕೆಳಗೆ ಯಾವುದಿದ್ದರೂ ಸರಿ, ದೊಡ್ಡದರಲ್ಲಿ ಸಣ್ಣದನ್ನು ಕಳೆದು 5 ಬರೆಯುತ್ತದೆ.

ಈ ನಿಯಮ ಅದಕ್ಕೆ ಎಲ್ಲಿ ಸಿಕ್ಕಿತು? ಶಾಲೆಯಲ್ಲೇ. ಬಹಳ ಹಿಂದೆ ಜಮಖಂಡಿ ಕಡೆಯ ಒಂದು ಶಾಲೆಯಲ್ಲಿ ಮೂರನೇ ತರಗತಿ ಮತ್ತು ಐದನೇ ತರಗತಿಯ ಇಬ್ಬರು ಶಿಕ್ಷಕರ ಜೊತೆ ನೋಟ್‌ಬುಕ್ ಹರವಿಕೊಂಡು ಕೂತಿದ್ದೆ. ಕೆಳಗಿನ ತರಗತಿಯ ಶಿಕ್ಷಕರು ಮಕ್ಕಳಿಗೆ ಮೊದಮೊದಲು "ಯಾವಾಗಲೂ ದೊಡ್ಡದರಾಗ ಸಣ್ಣದು ಕಳೀಬೇಕು" ಎಂದು ಹೇಳಿಕೊಟ್ಟಿದ್ದರು. ಆ ವಯಸ್ಸಿಗೆ, ಆ ಲೆಕ್ಕಗಳಿಗೆ ಅದು ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಆಮೇಲೆ ದಶಕ ಕಲಿಸುವಾಗ ಹತ್ತು ಹತ್ತು ಕಡ್ಡಿಯ ಕಟ್ಟು ಕೊಟ್ಟು "ಕಟ್ಟು ಬಿಚ್ಚು" ಅಂದಿದ್ದರು. ಐದನೇ ತರಗತಿಯವರು "ಪಕ್ಕದ ಮನಿಯಿಂದ ಕಡ ತಗೋ" ಅನ್ನುತ್ತಿದ್ದರು. ಕಟ್ಟು ಬಿಚ್ಚುವುದೂ ಕಡ ತರುವುದೂ ಒಂದೇ ಕೆಲಸ ಎಂದು ಆ ಮಕ್ಕಳಿಗೆ ಯಾರೂ ಹೇಳಿರಲಿಲ್ಲ, ಯಾಕಂದರೆ ಆ ಇಬ್ಬರು ಶಿಕ್ಷಕರಿಗೇ ಪರಸ್ಪರ ಏನು ಹೇಳಿಕೊಡುತ್ತಿದ್ದಾರೆ ಎಂಬುದು ಗೊತ್ತಿರಲಿಲ್ಲ. ಆರು ವರ್ಷದಿಂದ ಒಂದೇ ಕೋಣೆಯಲ್ಲಿ ಕೂತು ಡಬ್ಬಿ ಬಿಚ್ಚಿ ರೊಟ್ಟಿ ಹಂಚಿಕೊಂಡು ಉಂಡವರು ಅವರು. ಇಬ್ಬರೂ ಒಳ್ಳೆಯ ಶಿಕ್ಷಕರು. ಒಬ್ಬರೂ ಪಾಠ ತಪ್ಪಿಸಿದವರಲ್ಲ.

ಇದನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ಒಂದು ಮಗು ಏಳು ವರ್ಷದಲ್ಲಿ ಏಳೆಂಟು ಶಿಕ್ಷಕರ ಕೈ ದಾಟಿ ಹೋಗುತ್ತದೆ. ಆ ಇಡೀ ದಾರಿಯನ್ನು ನೋಡುವುದು ಮಗು ಮಾತ್ರ. ನಮಗೆ ಕಾಣುವುದು ನಮ್ಮ ಒಂದು ವರ್ಷದ ತುಂಡು. ನೀವು ಐದನೇ ತರಗತಿಯಲ್ಲಿ ಎಷ್ಟೇ ಚೆನ್ನಾಗಿ ಹೇಳಿಕೊಟ್ಟರೂ ತಪ್ಪಿನ ಬೇರು ಎರಡನೇ ತರಗತಿಯಲ್ಲಿದ್ದರೆ ನಿಮ್ಮ ಒಬ್ಬರ ಕೈಲಿ ಅದು ಪೂರ್ತಿ ಹೋಗುವುದಿಲ್ಲ. ಮುಂದಿನ ವರ್ಷ ಅದೇ ತಪ್ಪು ಹೊತ್ತುಕೊಂಡು ಹೊಸ ಮಕ್ಕಳು ಬರುತ್ತಾರೆ. "ಪ್ರತಿ ವರ್ಷ ಅದೇ ಕಥೆ" ಅಂದಿರಲ್ಲ, ಅದು ನಿಮ್ಮ ಪಾಠದ ದೋಷ ಅಲ್ಲವೇ ಅಲ್ಲ ಅಂತ ನನಗೆ ಅನ್ನಿಸುತ್ತದೆ.

ವಿಷಯಗಳ ನಡುವೆಯೂ ಹೀಗೆ ಆಗುತ್ತದೆ. ಏಳನೇ ತರಗತಿಯ ವಿಜ್ಞಾನ ಶಿಕ್ಷಕರು "ಈ ಹುಡುಗಿಗೆ ವಿಜ್ಞಾನ ಹತ್ತೋದಿಲ್ಲ" ಅನ್ನುತ್ತಾರೆ. ಕನ್ನಡ ಶಿಕ್ಷಕರನ್ನು ಕೇಳಿದರೆ ಆ ಹುಡುಗಿ ಒತ್ತಕ್ಷರದ ಹತ್ತಿರ ಇನ್ನೂ ತಡವರಿಸುತ್ತಾಳೆ. 'ದ್ಯುತಿಸಂಶ್ಲೇಷಣೆ' ಎಂಬ ಪದ ಓದಲಿಕ್ಕೇ ಆಗದವಳಿಗೆ ಎಲೆ ಹೇಗೆ ಆಹಾರ ಮಾಡುತ್ತದೆ ಎಂದು ಬಾಯಲ್ಲಿ ಕೇಳಿ ನೋಡಿ. ಹೊಲದಲ್ಲಿ ಬೆಳೆದ ಮಗು, ತನ್ನ ಮಾತಿನಲ್ಲಿ ಹೇಳುತ್ತಾಳೆ. ಅವಳಿಗೆ ಬೇಕಾಗಿರುವುದು ಓದಿನ ಸಹಾಯ. ಇಬ್ಬರು ಶಿಕ್ಷಕರು ಐದು ನಿಮಿಷ ಮಾತಾಡಿದರೆ ಗೊತ್ತಾಗುವ ಸಂಗತಿ ಇದು. ತಾಂಡಾದಿಂದ ಬರುವ ಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಮುಖ್ಯ. ಮನೆಯಲ್ಲಿ ಲಂಬಾಣಿ ಆಡುವ ಮಗು ಸುಮ್ಮನೆ ಕೂತಿದೆ ಅಂದರೆ ಅದಕ್ಕೆ ಲೆಕ್ಕ ತಿಳಿದಿಲ್ಲವೋ, ಲೆಕ್ಕ ಕೇಳಿದ ಕನ್ನಡ ತಿಳಿದಿಲ್ಲವೋ? ಒಂದನೇ ತರಗತಿಯಲ್ಲಿ ಅದನ್ನು ನೋಡಿಕೊಂಡ ಶಿಕ್ಷಕಿಗೆ ಉತ್ತರ ಗೊತ್ತಿರುತ್ತದೆ. ಆ ಉತ್ತರ ಮೂರನೇ ತರಗತಿಗೆ ಬರುವುದೇ ಇಲ್ಲ.

ಈಗ ನಿಮ್ಮ ನೇರ ಪ್ರಶ್ನೆ, ಉಪಯೋಗ ಇದೆಯೇ? ಇದೆ. ಆದರೆ ಎಲ್ಲ ಬಗೆಯ ಕೂಡುವಿಕೆಗೂ ಇಲ್ಲ. ಅಮೆರಿಕದ ಮಯಾಮಿ-ಡೇಡ್ ಎಂಬ ಜಿಲ್ಲೆಯ 336 ಶಾಲೆಗಳ ಸುಮಾರು 9,000 ಶಿಕ್ಷಕರ ಎರಡು ವರ್ಷದ ಮಾಹಿತಿ ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ 2015ರಲ್ಲಿ ಬಂತು. ಶಿಕ್ಷಕರ ನಡುವಿನ ಸಹಕಾರ ಚೆನ್ನಾಗಿದ್ದ ಶಾಲೆಗಳಲ್ಲಿ ಮಕ್ಕಳು ಗಣಿತದಲ್ಲೂ ಓದಿನಲ್ಲೂ ಹೆಚ್ಚು ಮುಂದೆ ಹೋಗಿದ್ದರು. ನನಗೆ ಅದರಲ್ಲಿ ಹಿಡಿಸಿದ್ದು ಇನ್ನೊಂದು ಮಾತು. ಶಿಕ್ಷಕರು ಕೂಡಿ ಮಾಡಿದ ಬೇರೆ ಬೇರೆ ಕೆಲಸಗಳ ಪೈಕಿ ಮಕ್ಕಳ ಪ್ರಗತಿಯ ಜೊತೆ ಹೆಚ್ಚು ಹೊಂದಿಕೊಂಡು ಬಂದದ್ದು ಮೌಲ್ಯಮಾಪನದ ಬಗ್ಗೆ ಕೂಡಿ ಮಾಡಿದ ಕೆಲಸ. ಅಂದರೆ ಮಗುವಿಗೆ ಏನು ಬಂತು, ಏನು ಬರಲಿಲ್ಲ ಎಂಬುದನ್ನು ಕೂಡಿ ನೋಡಿದ್ದು. ಇಂಥ ಅಧ್ಯಯನದಿಂದ ಸಹಕಾರವೇ ಕಾರಣ ಎಂದು ಪಕ್ಕಾ ಹೇಳಲು ಬರುವುದಿಲ್ಲ, ಒಳ್ಳೆಯ ಶಾಲೆಯಲ್ಲಿ ಎರಡೂ ಒಟ್ಟಿಗೆ ಇರಬಹುದು ಅಲ್ವಾ. ಅದಕ್ಕೆ ಟೆನ್ನೆಸ್ಸೀ ರಾಜ್ಯದ ಕೆಲವು ಶಾಲೆಗಳಲ್ಲಿ ನಡೆದ ಪ್ರಯೋಗವನ್ನೂ ನೋಡಬೇಕು. ಅಲ್ಲಿ ಒಂದು ಕೌಶಲದಲ್ಲಿ ಹಿಂದಿದ್ದ ಶಿಕ್ಷಕರಿಗೆ ಅದೇ ಕೌಶಲದಲ್ಲಿ ಗಟ್ಟಿಗರಾದ ಅದೇ ಶಾಲೆಯ ಶಿಕ್ಷಕರನ್ನು ಜೋಡಿ ಮಾಡಿಕೊಟ್ಟರು. ಹಿಂದಿದ್ದವರ ತರಗತಿಯ ಮಕ್ಕಳ ಅಂಕ ಏರಿತು.

ಎಲ್ಲ ಕಡೆ ಹೀಗೇ ಆಗಿಲ್ಲ ಎಂಬುದನ್ನೂ ಹೇಳಬೇಕು. ಜಪಾನಿನ ಶಿಕ್ಷಕರು ಬಹಳ ಕಾಲದಿಂದ ಒಂದು ಪಾಠವನ್ನು ಕೂಡಿ ತಯಾರು ಮಾಡಿ, ಒಬ್ಬರು ಕಲಿಸುವಾಗ ಉಳಿದವರು ಮಕ್ಕಳನ್ನು ಗಮನಿಸಿ, ಆಮೇಲೆ ಕೂತು ತಿದ್ದುತ್ತಾರೆ. ಒಳ್ಳೆಯ ರೂಢಿ. ಅದನ್ನೇ ಇಂಗ್ಲೆಂಡಿನ 181 ಪ್ರಾಥಮಿಕ ಶಾಲೆಗಳಿದ್ದ ಪ್ರಯೋಗದಲ್ಲಿ ಪರೀಕ್ಷಿಸಿ ನೋಡಿದಾಗ, 2017ರ ವರದಿ ಪ್ರಕಾರ ಮಕ್ಕಳ ಅಂಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆ ದೇಶದಲ್ಲಿ ಕೆಲಸ ಮಾಡಿದ್ದು ಎಂದು ರೂಪವನ್ನಷ್ಟೇ ಎತ್ತಿಕೊಂಡು ಬಂದರೆ ಆಗುವುದಿಲ್ಲ. ನಿಮ್ಮ ಶನಿವಾರದ ಸಭೆಗೂ ಇದೇ ಆಗಿದೆ. ರೂಪ ಬಂತು, ನೋಟ್‌ಬುಕ್ ಬರಲಿಲ್ಲ.

ನಮ್ಮದೇ ಉದಾಹರಣೆ ಬೇಕೆಂದರೆ ನಲಿ-ಕಲಿ ಇದೆ, ಸಣ್ಣ ತರಗತಿಯ ಮಕ್ಕಳು ಕಾರ್ಡು, ಚಟುವಟಿಕೆಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಈಗ ನಮಗೆಲ್ಲ ಅದು ಇಲಾಖೆಯಿಂದ ಬಂದ ಕಾರ್ಡು, ಏಣಿ, ತಟ್ಟೆ ಅನ್ನಿಸುತ್ತದೆ. ಆದರೆ 1995ರ ಹೊತ್ತಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಅದನ್ನು ಶುರು ಮಾಡಿದ್ದು ಸರ್ಕಾರಿ ಶಾಲೆಯ ಶಿಕ್ಷಕರು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಕೊಂಡು ಬಂದು, ಕೂಡಿ ಕೂತು, ತಮ್ಮ ಮಕ್ಕಳಿಗೆ ಬೇಕಾದ ಹಾಗೆ ಕಲಿಕೆಯ ಮೆಟ್ಟಿಲು ಕಟ್ಟಿದರು. 2009-10ರಲ್ಲಿ ಅದು ಇಡೀ ರಾಜ್ಯಕ್ಕೆ ಬಂತು. ಕೂಡಿ ಕಟ್ಟಿದವರಿಗೆ ಅದರ ಒಳಗಿನ ಕಾರಣ ಗೊತ್ತಿತ್ತು. ಆಮೇಲೆ ಪಡೆದ ನಮಗೆ ಕಾರ್ಡಿನ ನಂಬರ್ ಮಾತ್ರ ಗೊತ್ತಾಯಿತು. ಇದು ನನಗೆ ಇವತ್ತಿಗೂ ಬೇಸರದ ಸಂಗತಿ.

ಇನ್ನು ಕೆಲವು ತಪ್ಪು ನಂಬಿಕೆಗಳು. ಸ್ಟಾಫ್ ರೂಮಿನಲ್ಲಿ ಜಗಳ ಇಲ್ಲ, ಕೂಡಿ ಚಹಾ ಕುಡಿಯುತ್ತೇವೆ, ಮದುವೆ ಮುಂಜಿಗೆ ಹೋಗುತ್ತೇವೆ, ಆದ್ದರಿಂದ ನಮ್ಮಲ್ಲಿ ಸಹಕಾರ ಇದೆ ಎಂದು ಬಹಳ ಮುಖ್ಯ ಗುರುಗಳು ನನಗೆ ಹೇಳಿದ್ದಾರೆ. ಅಂಥ ಸ್ನೇಹ ಬೇಕು, ಅದಿಲ್ಲದೆ ಮುಂದಿನದು ಯಾವುದೂ ಆಗದು. ಆದರೆ ಮಗುವಿನ ಲೆಕ್ಕ ಅದರಿಂದ ತಾನಾಗಿ ಸರಿಯಾಗುವುದಿಲ್ಲ. ಹಾಗೆಯೇ ವಾಟ್ಸಾಪ್ ಗುಂಪು. ಸುತ್ತೋಲೆ ಮತ್ತು ಹುಟ್ಟುಹಬ್ಬದ ಶುಭಾಶಯದ ನಡುವೆ ಪಾಠದ ಮಾತು ಅಲ್ಲಿ ಕಾಣುವುದೇ ಅಪರೂಪ. ಇನ್ನೊಂದು ನಂಬಿಕೆ ಇದಕ್ಕಿಂತ ಕೆಟ್ಟದ್ದು: ಕೇಳಿದವರು ದಡ್ಡರು ಎಂಬುದು. ಇಪ್ಪತ್ತು ವರ್ಷ ಸೇವೆ ಆದವರು "ಈ ಪಾಠ ನನಗೆ ಹೇಳಿಕೊಡಲು ಬರ್ತಿಲ್ಲ" ಎಂದು ಬಾಯಿ ಬಿಡಲು ಎಷ್ಟು ಕಷ್ಟ ಪಡುತ್ತಾರೆ ಎಂಬುದನ್ನು ತರಬೇತಿಯಲ್ಲಿ ಹತ್ತಿರದಿಂದ ನೋಡಿದ್ದೇನೆ. ಊಟದ ಬಿಡುವಿನಲ್ಲಿ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾರೆ, ಸಭೆಯಲ್ಲಿ ಕೇಳುವುದಿಲ್ಲ.

ನಿಮ್ಮ ಹಿರಿಯ ಗುರುಗಳನ್ನು ಇಲ್ಲಿಂದ ಅರ್ಥ ಮಾಡಿಕೊಳ್ಳಿ. ಅವರ ಇಡೀ ಸೇವೆಯಲ್ಲಿ ಇನ್ನೊಬ್ಬ ದೊಡ್ಡವರು ಕ್ಲಾಸಿನ ಹಿಂದೆ ಬಂದು ಕೂತರು ಅಂದರೆ ಅದರ ಅರ್ಥ ಒಂದೇ, ತಪಾಸಣೆ. ಕೂತವರು ಬರೆದುಕೊಳ್ಳುತ್ತಾರೆ, ಬರೆದದ್ದು ಮೇಲೆ ಹೋಗುತ್ತದೆ. ಬಾಗಿಲು ಹಾಕಿಕೊಳ್ಳುವ ಅಭ್ಯಾಸ ಬಂದದ್ದು ಅಹಂಕಾರದಿಂದ ಅಂತ ನನಗೆ ಅನ್ನಿಸುವುದಿಲ್ಲ, ರಕ್ಷಣೆಗಾಗಿ ಬಂದದ್ದು. ನೀವು ವಯಸ್ಸಿನಲ್ಲಿ ಚಿಕ್ಕವರು, ನೇರವಾಗಿ "ನಿಮ್ಮ ಕ್ಲಾಸ್ ನೋಡ್ತೀನಿ" ಅಂದಾಗ ಅವರಿಗೆ ಕೇಳಿಸಿದ್ದು ಬೇರೆ.

ಸಭೆ ಕೆಡಲು ಇನ್ನೂ ಒಂದು ಕಾರಣ ಸಮಯ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಎಲ್ಲರ ಕಣ್ಣೂ ಬಸ್ಸಿನ ಮೇಲೆ. ಸಿಂದಗಿಗೋ ವಿಜಯಪುರಕ್ಕೋ ಹೋಗುವವರಿಗೆ ಆ ಬಸ್ಸು ತಪ್ಪಿದರೆ ಮಧ್ಯಾಹ್ನವೇ ಹೋಯಿತು. ಆ ಹೊತ್ತಿನಲ್ಲಿ ಮಗುವಿನ ಕಲಿಕೆಯ ಬಗ್ಗೆ ಮನಸ್ಸಿಟ್ಟು ಮಾತಾಡಿ ಅಂದರೆ ಹೇಗೆ? ಶಿಕ್ಷಣ ಹಕ್ಕು ಕಾಯ್ದೆ 2009 ಶಿಕ್ಷಕರಿಗೆ ವಾರಕ್ಕೆ 45 ತಾಸು ಹೇಳುತ್ತದೆ, ಆ 45ರ ಒಳಗೆ ತಯಾರಿಯ ತಾಸುಗಳೂ ಸೇರಿವೆ. ತಯಾರಿ ಕೂಡ ಕೆಲಸವೇ ಎಂದು ಕಾಯ್ದೆಯೇ ಒಪ್ಪಿಕೊಂಡಿದೆ. ಹಾಗಾದರೆ ಕೂಡಿ ತಯಾರಿ ಮಾಡುವ ಹೊತ್ತನ್ನು ಶಾಲೆ ಬಿಟ್ಟ ಮೇಲಿನ ಹೆಚ್ಚುವರಿ ಹೊರೆಯಾಗಿ ಯಾಕೆ ಇಡಬೇಕು? ವೇಳಾಪಟ್ಟಿಯಲ್ಲೇ ಜಾಗ ಮಾಡಿಕೊಡುವುದು ಮುಖ್ಯ ಗುರುಗಳ ಕೈಯಲ್ಲಿದೆ. ಆಟದ ಪಿರಿಯಡ್ ಅನ್ನು ಒಬ್ಬರು ಎರಡು ತರಗತಿಗೆ ಕೂಡಿಸಿ ತೆಗೆದುಕೊಂಡರೆ ಇನ್ನೊಬ್ಬರು ಬಿಡುವಾಗುತ್ತಾರೆ. ಇದನ್ನು ಅವರ ಹತ್ತಿರ ಕೇಳಿ. ಅವರು ಸಭೆ ಶುರು ಮಾಡಿದ್ದಾರೆ ಅಂದರೆ ಕಳಕಳಿ ಇದೆ, ದಾರಿ ಸಿಕ್ಕಿಲ್ಲ ಅಷ್ಟೆ.

ನಿಮಗೆ ಏನು ಮಾಡಬಹುದು ಎಂದು ಕೇಳಿದಿರಿ. ನಾನು ಮೊದಲು ಹೇಳುವುದು ಎಲ್ಲಕ್ಕಿಂತ ಚಿಕ್ಕದು. ಏಳೂ ಜನರನ್ನು ಸೇರಿಸಲು ಹೋಗಬೇಡಿ. ಎರಡು-ಮೂರನೇ ತರಗತಿ ನೋಡಿಕೊಳ್ಳುವ ಒಬ್ಬರನ್ನು ಹಿಡಿಯಿರಿ. ಅವರು ಅತಿಥಿ ಶಿಕ್ಷಕರಾಗಿದ್ದರೂ ಸರಿ. ವಾರಕ್ಕೆ ಇಪ್ಪತ್ತು ನಿಮಿಷ, ನಾಲ್ಕೈದು ನೋಟ್‌ಬುಕ್, ಒಂದೇ ಪ್ರಶ್ನೆ: ಈ ಮಗು ಹೀಗೆ ಯಾಕೆ ಬರೆದಿದೆ? ಕೊನೆಗೆ ಒಂದು ನಿರ್ಧಾರ, ನಾಳೆ ನಾವಿಬ್ಬರೂ ಯಾವ ಮಾತು ಬಳಸೋಣ, ಕಟ್ಟು ಬಿಚ್ಚುವುದೋ ಕಡ ತರುವುದೋ. ಎರಡು ವಾರ ಬಿಟ್ಟು ಅದೇ ಮಕ್ಕಳಿಗೆ ಐದು ಲೆಕ್ಕ ಕೊಟ್ಟು ನೋಡಿ. ಇದರ ಅಪಾಯ ಏನೆಂದರೆ ಮಾತು ಬೇಗ ಮಗುವಿನ ಮನೆಗೆ ಹೋಗಿಬಿಡುತ್ತದೆ. "ಅವರಪ್ಪ ಕುಡೀತಾನ, ಮನ್ಯಾಗ ಯಾರೂ ಓದಿಸೋದಿಲ್ಲ." ಅದು ನಿಜವೇ ಇರಬಹುದು. ಆದರೆ ಅದರಿಂದ ನಾಳೆಯ ಪಾಠಕ್ಕೆ ಏನೂ ಸಿಗುವುದಿಲ್ಲ. ಮಾತು ಅತ್ತ ಹೋದಾಗ ನೋಟ್‌ಬುಕ್ಕಿನ ಪುಟಕ್ಕೆ ಬೆರಳಿಟ್ಟು ವಾಪಸ್ ತನ್ನಿ. ಅತಿಥಿ ಶಿಕ್ಷಕರ ಬಗ್ಗೆ ಒಂದು ಮಾತು, ಅವರನ್ನು ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಎಂದು ಬಹಳ ಕಡೆ ಇಂಥದ್ದಕ್ಕೆ ಸೇರಿಸುವುದೇ ಇಲ್ಲ. ಬಿಟ್ಟು ಹೋಗುವವರು ಅನ್ನುವ ಕಾರಣಕ್ಕೇ ಅವರ ಹತ್ತಿರ ಇರುವ ಮಗುವಿನ ಮಾಹಿತಿ ಮೊದಲು ನಿಮ್ಮ ಕೈಗೆ ಬರಬೇಕು.

ಒಂದಿಬ್ಬರ ಜೊತೆ ಇದು ಕೂಡಿ ಬಂದ ಮೇಲೆ ತರಗತಿ ನೋಡುವುದಕ್ಕೆ ಬನ್ನಿ. ಆದರೆ ಉಲ್ಟಾ ಮಾಡಿ. ಅವರ ಕ್ಲಾಸಿಗೆ ಹೋಗಬೇಡಿ, ನಿಮ್ಮ ಕ್ಲಾಸಿಗೆ ಕರೆಯಿರಿ. "ಸರ್, ಹಿಂದಿನ ಸಾಲಿನ ಮೂರು ಮಕ್ಕಳು ಏನ್ ಮಾಡ್ತಾರ ಅಂತ ನನಗ ಕಾಣಂಗಿಲ್ಲ, ಒಂದು ಹದಿನೈದು ನಿಮಿಷ ಬಂದು ಅವರನ್ನಷ್ಟ ನೋಡ್ರಿ." ಹೀಗೆ ಕೇಳಿದರೆ ನೋಡುವ ಕಣ್ಣು ನಿಮ್ಮ ಮೇಲೆ ಇರುವುದಿಲ್ಲ, ಮಕ್ಕಳ ಮೇಲೆ ಇರುತ್ತದೆ. ಹಿರಿಯರಿಗೆ ತಮ್ಮ ಅನುಭವಕ್ಕೆ ಬೆಲೆ ಸಿಕ್ಕಿತು ಅನ್ನಿಸುತ್ತದೆ, ಅದು ನಿಜವೂ ಹೌದು, ಅವರು ಕಂಡದ್ದು ನೀವು ಕಂಡಿರುವುದಿಲ್ಲ. ಇಲ್ಲಿ ಒಂದು ಕಟ್ಟುನಿಟ್ಟು: ನೋಡಿದ್ದು ಯಾವ ದಾಖಲೆಗೂ ಹೋಗಬಾರದು, ಫೋಟೋ ತೆಗೆದು ಗುಂಪಿಗೆ ಹಾಕಬಾರದು. ಮುಖ್ಯ ಗುರುಗಳು ಒಳ್ಳೆಯ ಮನಸ್ಸಿನಿಂದಲೇ "ಇದನ್ನ ರಿಜಿಸ್ಟರ್ ಮಾಡೋಣ" ಅಂದರೂ ಬೇಡ ಎನ್ನಿ. ದಾಖಲೆ ಆದ ದಿನ ಅದು ಮತ್ತೆ ತಪಾಸಣೆ ಆಗುತ್ತದೆ. ಎರಡನೇ ಸಲ ಯಾರೂ ಬಾಗಿಲು ತೆರೆಯುವುದಿಲ್ಲ.

ಮೂರನೆಯದು ಇವೆರಡಕ್ಕಿಂತ ದೊಡ್ಡದು, ಮುಖ್ಯ ಗುರುಗಳ ಬೆಂಬಲ ಇಲ್ಲದೆ ಆಗದು. ಮೂರರಿಂದ ಐದನೇ ತರಗತಿಯ ಮಕ್ಕಳನ್ನು ದಿನಕ್ಕೆ ಒಂದು ಪಿರಿಯಡ್ ಮಾತ್ರ ತರಗತಿ ಬಿಟ್ಟು ಅವರಿಗೆ ಏನು ಬರುತ್ತದೆ ಎಂಬುದರ ಮೇಲೆ ಗುಂಪು ಮಾಡುವುದು. ಅಕ್ಷರ ಗುರುತಿಸುವವರು ಒಂದು ಕಡೆ, ವಾಕ್ಯ ಓದುವವರು ಒಂದು ಕಡೆ. ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ ಇದನ್ನು ದೇಶದ ಬಹಳ ಕಡೆ ಮಾಡಿದೆ, ಚೆನ್ನಾಗಿ ನಡೆದ ಕಡೆ ಮಕ್ಕಳ ಓದು ಬೇಗ ಸುಧಾರಿಸಿದೆ. ಆದರೆ ಇದರಲ್ಲಿ ಮಕ್ಕಳಿಗೆ ಹೆಸರು ಬೀಳುವ ಭಯ ಇದೆ. "ಅಂವಾ ಅಕ್ಷರದ ಗುಂಪಿನವ" ಎಂದು ಓಣಿಯಲ್ಲಿ ಹೇಳಿದರೆ ಮಗು ಶಾಲೆಗೇ ಬರುವುದಿಲ್ಲ. ಗುಂಪು ಒಂದೂವರೆ ಎರಡು ತಿಂಗಳಿಗೊಮ್ಮೆ ಬದಲಾಗಲೇಬೇಕು. ಹಿಂದಿರುವ ಗುಂಪು ಯಾವಾಗಲೂ ಅತಿಥಿ ಶಿಕ್ಷಕರ ಪಾಲಿಗೆ ಬರಬಾರದು, ಆ ಗುಂಪಿಗೆ ಶಾಲೆಯ ಗಟ್ಟಿ ಶಿಕ್ಷಕರು ಬೇಕು. ಇಷ್ಟಕ್ಕೆ ನಿಮ್ಮ ಶಾಲೆ ಈಗ ತಯಾರಿದೆಯೇ? ನಿಮ್ಮ ಪತ್ರ ಓದಿದರೆ ಇನ್ನೂ ಇಲ್ಲ ಅನ್ನಿಸುತ್ತದೆ. ಮುಂದಿನ ಜೂನ್‌ಗೆ ಇಟ್ಟುಕೊಳ್ಳಿ.

ಇಬ್ಬರೇ ಶಿಕ್ಷಕರಿರುವ ಶಾಲೆಯವರೂ ಇದನ್ನು ಓದುತ್ತಿರಬಹುದು. ಅವರಿಗೆ ಸಿಆರ್‌ಪಿ (ಸುತ್ತಲಿನ ಶಾಲೆಗಳ ಗುಂಪಿಗೆ, ಅಂದರೆ ಕ್ಲಸ್ಟರಿಗೆ, ಇಲಾಖೆಯ ಸಂಪನ್ಮೂಲ ವ್ಯಕ್ತಿ) ನಡೆಸುವ ಕ್ಲಸ್ಟರ್ ಸಮಾಲೋಚನಾ ಸಭೆಯೇ ಆಸರೆ. ಅಲ್ಲಿಗೆ ಬರೀ ಕೈಯಲ್ಲಿ ಹೋಗದೆ ನಾಲ್ಕು ನೋಟ್‌ಬುಕ್ ಹಿಡಿದುಕೊಂಡು ಹೋಗಿ, ಪಕ್ಕದ ಊರಿನ ಅದೇ ತರಗತಿಯವರ ಜೊತೆ ಕೂತರೆ ಆ ದಿನ ಸಾರ್ಥಕ.

ಹಿರಿಯ ಗುರುಗಳು ಏನು ಮಾಡಿದರೂ ಒಪ್ಪದಿದ್ದರೆ? ಬಿಟ್ಟುಬಿಡಿ, ಆದರೆ ಜಗಳ ಬೇಡ, ಅವರ ಬೆನ್ನ ಹಿಂದೆ ಮಾತೂ ಬೇಡ. ಒತ್ತಾಯದಿಂದ ಕೂರಿಸಿದ ಸಹಕಾರದಿಂದ ಮಕ್ಕಳಿಗೆ ಏನೂ ದಕ್ಕಿದ್ದನ್ನು ನಾನು ನೋಡಿಲ್ಲ. ಒಂದು ಸಲ ಮಾತ್ರ ಒಂದು ನೋಟ್‌ಬುಕ್ ಹಿಡಿದು ಅವರ ಹತ್ತಿರ ಹೋಗಿ, ನಿಜವಾಗಿ ತಿಳಿಯದ್ದನ್ನೇ ಕೇಳಿ. ಅವರು ಆ ಪುಟ ನೋಡುತ್ತಾ ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬುದರಿಂದಲೇ ನಿಮಗೆ ಬಹಳ ಗೊತ್ತಾಗುತ್ತದೆ.

ಕೊನೆಗೆ ನಿಮ್ಮ ಕಡೆಗೇ ಸೇರಿದ ಒಂದು ಕೆಲಸ, ಇದಕ್ಕೆ ಯಾರ ಒಪ್ಪಿಗೆಯೂ ಬೇಡ. ದೀಪಾವಳಿ ಹೊತ್ತಿಗೆ ಕೆಲವು ಮಕ್ಕಳು ತಂದೆ ತಾಯಿ ಜೊತೆ ಕಬ್ಬು ಕಡಿಯಲು ಹೋಗುತ್ತಾರೆ, ವಾಪಸ್ ಬರುವುದು ಯುಗಾದಿ ಆಸುಪಾಸು. ಹೋಗುವ ಮೊದಲು ಪ್ರತಿ ಮಗುವಿನ ಹೆಸರಲ್ಲಿ ಅರ್ಧ ಹಾಳೆ ಬರೆದಿಡಿ: ಓದಿನಲ್ಲಿ ಎಲ್ಲಿದೆ, ಯಾವ ಲೆಕ್ಕ ಬರುತ್ತದೆ, ಯಾವ ತಪ್ಪು ಮಾಡುತ್ತದೆ, ಯಾರ ಪಕ್ಕ ಕೂತರೆ ಮಾತಾಡುತ್ತದೆ. ಕನ್ನಡದವರ ಕೈಲೂ ಎರಡು ಸಾಲು ಬರೆಸಿಕೊಳ್ಳಿ. ಮಗು ಮಾರ್ಚಿನಲ್ಲಿ ಬಂದು ಬಾಗಿಲಲ್ಲಿ ನಿಂತಾಗ ಎಲ್ಲಿಂದ ಶುರು ಮಾಡಬೇಕು ಎಂದು ಯಾರೂ ತಡಕಾಡುವುದು ಬೇಡ. ಜೂನ್‌ನಲ್ಲಿ ಆ ಹಾಳೆ ಮುಂದಿನ ತರಗತಿಯ ಶಿಕ್ಷಕರ ಕೈಗೆ ಕೊಡಿ. ಆರನೇ ತರಗತಿಗೆ ಗಣಿತ ತೆಗೆದುಕೊಳ್ಳುವವರು ಆ ಹಿರಿಯ ಗುರುಗಳೇ ಆಗಿದ್ದರೂ ಕೈಗೇ ಕೊಟ್ಟು ಬನ್ನಿ.